ಹದಿನೈದು ಮಂದಿ ಬಾಲಿಕೆಯರ ಲೆಕ್ಕ: ರೆವರೆಂಡ್ ಥಾಮಸ್ ಕರ್ಕ್‌ಮನ್‌ರವರ ಚರಿತ್ರೆ

ಕೀರ್ತಿಗಾಗಿ ವಿದ್ಯೆಯನ್ನು ಅರಸುವವರು ಲೋಕದಲ್ಲಿ ಅನೇಕರು. ವಿದ್ಯೆಯನ್ನು ವಿದ್ಯೆಗಾಗಿಯೇ ಪ್ರೀತಿಸುವವರು ವಿರಳ. ಈ ಎರಡನೆಯ ವರ್ಗಕ್ಕೆ ಸೇರಿದ ರೆವರೆಂಡ್ ಥಾಮಸ್ ಪೆನಿಂಗ್ಟನ್ ಕರ್ಕ್‌ಮನ್‌ರವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಸಂಕ್ಷೇಪವಾಗಿ ಅರಿಕೆಮಾಡುತ್ತೇವೆ.

ಇವರು 1806ನೆಯ ಇಸವಿ ಮಾರ್ಚಿ 31ರಂದು ಇಂಗ್ಲೆಂಡಿನ ಬೋಲ್ಟನ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯವರು ಹತ್ತಿಯ ವ್ಯಾಪಾರಿಗಳು. ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಬಾಲಕನು ತೋರಿದ ಚುರುಕನ್ನು ಕಂಡು ಮುಂದೆ ಓದಿಸಬೇಕೆಂದು ಉಪಾಧ್ಯಾಯರು ಒತ್ತಾಯಪಡಿಸಿದರು. ತಂದೆಯು ಒಪ್ಪಲಿಲ್ಲ, 14ನೆಯ ವಯಸ್ಸಿನಲ್ಲಿಯೇ ಶಾಲೆ ಬಿಡಿಸಿ ತಮ್ಮ ಕಚೇರಿಯ ಕೆಲಸಕ್ಕೆ ಹಚ್ಚಿದರು. ಒಂಬತ್ತು ವರ್ಷಗಳ ಬಳಿಕ ಕರ್ಕ್‌ಮನ್‌ರು ಡಬ್ಲಿನ್ನಿನ ಟ್ರಿನಿಟಿ ಕಾಲೇಜನ್ನು ಸೇರಿ, 1833ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಅನಂತರ 1839ರಿಂದ ಐವತ್ತಕ್ಕೂ ಹೆಚ್ಚು ವರ್ಷ ಲ್ಯಾಂಕಾಷೈರಿನ ಕ್ರಾಫ್ಟ್ ಎಂಬ ಸಣ್ಣ ಊರಿನ ಸಭಾಪಾಲಕರಾಗಿದ್ದರು.

ಅವರ ಮೊದಲನೆಯ ಗಣಿತಲೇಖನವು 1847ರಲ್ಲಿ, ನಲವತ್ತು ದಾಟಿದ ಮೇಲೆ, ಪ್ರಕಟವಾಯಿತು. ಅದರ ವಿಷಯವನ್ನು ಹೀಗೆ ವಿವರಿಸಬಹುದು. ಏಳು ಮಂದಿಯಿಂದ ಮೂವರು ಮೂವರ ಏಳು ಗುಂಪುಗಳನ್ನು, ಯಾವ ಇಬ್ಬರೂ ಒಂದೇ ಒಂದು ಸಲ ಜೊತೆಗೂಡುವಂತೆ ಏರ್ಪಡಿಸಬಹುದು. ಆ ಏಳು ಹೆಸರುಗಳನ್ನು ಅದಲುಬದಲು ಮಾಡುವ ಕ್ರಮಗಳು 5040. ಅವುಗಳಲ್ಲಿ 168 ಕ್ರಮಗಳು ಗುಂಪುಗಳ ಪಟ್ಟಿಯನ್ನು ಕೆಡಿಸದೆ ಹಾಗೆಯೇ ಉಳಿಸುತ್ತವೆ. ಇದೇ ಆ ರಚನೆಯ ಸಮಮಿತಿ. ಅದರಲ್ಲಿ ಮೊದಲನೆಯವಳೂ ಇಲ್ಲ, ಕಡೆಯವಳೂ ಇಲ್ಲ. ಯಾರ ಸ್ಥಾನಕ್ಕೆ ಯಾರನ್ನಾದರೂ ತರಬಹುದು.

1850ರಲ್ಲಿ ‘ಲೇಡೀಸ್ ಆಂಡ್ ಜೆಂಟಲ್‌ಮನ್ಸ್ ಡೈರಿ’ ಎಂಬ ವಾರ್ಷಿಕ ಪತ್ರಿಕೆಯಲ್ಲಿ ಅವರು ಒಂದು ಪ್ರಶ್ನೆಯನ್ನು ಕೊಟ್ಟರು. ಶಾಲೆಯ 15 ಮಂದಿ ಬಾಲಿಕೆಯರು ಏಳು ದಿನ ಮೂವರು ಮೂವರಾಗಿ ವಾಯುಸಂಚಾರಕ್ಕೆ ಹೋಗಬೇಕು; ಯಾವ ಇಬ್ಬರೂ ಎರಡು ಸಲ ಒಂದೇ ಸಾಲಿನಲ್ಲಿ ಇರಕೂಡದು. ಒಬ್ಬೊಬ್ಬಳಿಗೆ 14 ಮಂದಿ ಗೆಳತಿಯರು. ದಿನಕ್ಕೆ ಇಬ್ಬರಂತೆ ಏಳು ದಿನಗಳಲ್ಲಿ ಎಲ್ಲರ ಸಂಗವೂ ದೊರೆಯುತ್ತದೆ. ಇದಕ್ಕೆ ಮೂಲತಃ ಬೇರೆಬೇರೆಯಾದ ಉತ್ತರಗಳು ಏಳೇ. ಉಳಿದವೆಲ್ಲ ಹೆಸರುಗಳ ಅದಲುಬದಲಿನಿಂದ ಆದವು.

1857ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಆದರೂ ಮೂವರ ಗುಂಪುಗಳ ರಚನೆಗೆ ಅವರ ಹೆಸರು ನಿಲ್ಲಲಿಲ್ಲ. ಅವರು ಬಿಡಿಸಿದ್ದ ಪ್ರಶ್ನೆಯನ್ನು ಆರು ವರ್ಷಗಳ ತರುವಾಯ, 1853ರಲ್ಲಿ, ಕೇಳಿದ ಸ್ಟೈನರರ ಹೆಸರೇ ಅದಕ್ಕೆ ಅಂಟಿಕೊಂಡಿತು. ಬಾಲಿಕೆಯರ ಲೆಕ್ಕ ಮಾತ್ರ ಕರ್ಕ್‌ಮನ್‌ರದಾಗಿ ಉಳಿಯಿತು. ಅವರು 1895ರಲ್ಲಿ ತೀರಿಕೊಂಡರು.

ಅವರು ಬಿತ್ತಿದ ಬೀಜವು ಫಲಿಸದೆ ಹೋಗಲಿಲ್ಲ. 15 ಮಂದಿಯ ಮೂವರ ಗುಂಪುಗಳ ರಚನೆಗಳು ಒಟ್ಟು 80 ಎಂಬುದನ್ನು 1919ರಲ್ಲಿ ಪ್ರಕಟಿಸಿದ ಮೂವರಲ್ಲಿ ಲೂಯಿಸ್ ಕಮ್ಮಿಂಗ್ಸ್ ಎಂಬ ಮಹಿಳೆಯೂ ಒಬ್ಬರು. ಬಾಲಿಕೆಯರ ಸಂಖ್ಯೆ ಹೆಚ್ಚಿದಾಗಿನ ಸಾಮಾನ್ಯ ಉತ್ತರವನ್ನು ಕಲ್ಕತ್ತೆಯಲ್ಲಿ ವ್ಯಾಸಂಗಮಾಡಿದ್ದ ರಾಯ್‌ಚೌಧುರಿಯವರೂ ವಿಲ್ಸನ್‌ರೂ ಕೂಡಿ 1971ರಲ್ಲಿ ಪ್ರಕಟಿಸಿದರು.

ಪೋಷಕರೇ, ಕಚೇರಿಯಲ್ಲಿ ಕಳೆದ ಒಂಬತ್ತು ವರ್ಷಗಳು ಕರ್ಕ್‌ಮನ್‌ರ ಜ್ಞಾನದಾಹವನ್ನು ತಣಿಸಲಾರದೆ ಹೋದವು. ಆದರೆ ಅಂಥ ಸ್ಥೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಹದಿನಾಲ್ಕರಲ್ಲಿ ಶಾಲೆ ಬಿಟ್ಟ ಹುಡುಗಿಯರಲ್ಲಿ ಎಷ್ಟು ಮಂದಿ ಇಪ್ಪತ್ತಮೂರರಲ್ಲಿ ಹಿಂದಿರುಗಿ ಬಂದಾರು? ನಿಮ್ಮ ಮಗಳ ಉಪಾಧ್ಯಾಯಿನಿಯು ಅವಳನ್ನು ಮುಂದೆ ಓದಿಸಿರೆಂದು ಕೇಳಿಕೊಂಡಾಗ, ಆ ಮಾತನ್ನು ತಳ್ಳಿಹಾಕಬಾರದೆಂದು ನಾವು ಬೇಡಿಕೊಳ್ಳುತ್ತೇವೆ.