ಬಾಬು ರಾಜೇಂದ್ರ ಪ್ರಸಾದರ ಸಂವಿಧಾನ ನಿಷ್ಠೆ



ಚುನಾವಣೆ ಬಂತೆಂದರೆ ಅಭ್ಯರ್ಥಿ ಯಾವ ಮನೆತನದವನು, ಎಷ್ಟು ಓದಿದವನು ಎಂದು ನಾವು ಕೇಳುತ್ತೇವೆ. ಸಂವಿಧಾನಕ್ಕೆ ತಲೆಬಾಗುವ ಗುಣ ಮನೆತನದಿಂದ ಬರುವುದೋ ವಿದ್ಯೆಯಿಂದ ಬರುವುದೋ ಎಂದು ತಿಳಿಯಲು ನಮ್ಮ ಪ್ರಥಮ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರ ಬಾಳನ್ನು ನೋಡಬೇಕು.

ಅವರು 1884ರ ಡಿಸೆಂಬರ್ 3ರಂದು ಬಿಹಾರದ ಜೀರಾದೇಯಿ ಗ್ರಾಮದ ಜಮೀನುದಾರ ಮನೆತನದಲ್ಲಿ ಜನಿಸಿದರು. ಹಳೆಯ ಸಂಪ್ರದಾಯದಲ್ಲಿಯೇ ಬೆಳೆದರು. 1902ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಮೊದಲಿಗರಾದರು. ಕಲಕತ್ತಾ ಹಾಗೂ ಪಾಟ್ನಾ ಹೈಕೋರ್ಟುಗಳಲ್ಲಿ ಹೆಸರಾಂತ ವಕೀಲರಾದರು. 1917ರಲ್ಲಿ ಚಂಪಾರಣದಲ್ಲಿ ಗಾಂಧೀಜಿಯವರ ಜೊತೆ ನಿಂತು ನೀಲಿ ಬೆಳೆಯುವ ರೈತರ ದೂರುಗಳನ್ನು ಬರೆದುಕೊಂಡರು. ಮುಂದೆ ವಕೀಲಿ ತೊರೆದು ಸೆರೆಮನೆವಾಸವನ್ನೂ ಅನುಭವಿಸಿದರು.

1946ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯ ಅಧ್ಯಕ್ಷರಾದರು. 1949ರ ನವೆಂಬರ್ 26ರಂದು ಸಭೆಯನ್ನು ಮುಗಿಸುವಾಗ, ಕಾನೂನು ಜಾರಿ ಮಾಡುವವರಿಗೆ ಅರ್ಹತೆ ಕೇಳುವ ನಾವು ಕಾನೂನು ಮಾಡುವವರಿಗೆ ಯಾವುದನ್ನೂ ಕೇಳುವುದಿಲ್ಲವೆಂದು ವಿಷಾದಪಟ್ಟರು. ಶೀಲವಂತರು ಆರಿಸಿ ಬಂದರೆ ಕುಂದುಳ್ಳ ಸಂವಿಧಾನವನ್ನೂ ಚೆನ್ನಾಗಿ ನಡೆಸಿಯಾರೆಂದು ಹೇಳಿದರು.

ಆ ಮಾತಿನ ಪರೀಕ್ಷೆ ಅವರಿಗೇ ಬಂತು. ಹಿಂದೂ ಕೋಡ್ ಮಸೂದೆ ಅವರ ಮನಸ್ಸಿಗೆ ಒಪ್ಪಿರಲಿಲ್ಲ. 1951ರಲ್ಲಿ ಪ್ರಧಾನಿ ನೆಹರೂರವರಿಗೆ ಪತ್ರ ಬರೆದು, ಈ ವಿಷಯದಲ್ಲಿ ತಮ್ಮ ವಿವೇಚನೆಯಂತೆ ನಡೆಯಬೇಕೆಂದಿರುವುದಾಗಿ ತಿಳಿಸಿದರು. ಅಟಾರ್ನಿ ಜನರಲ್ ಸೆಟಲ್‌ವಾಡ್ ಹಾಗೂ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರ ಅಭಿಪ್ರಾಯ ಕೇಳಲಾಯಿತು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು ಇಬ್ಬರೂ ಹೇಳಿದರು. ಬಾಬೂಜಿಯವರು ಹಟ ಹಿಡಿಯಲಿಲ್ಲ. 1952ರ ಚುನಾವಣೆಯ ನಂತರ ಹೊಸ ಸಂಸತ್ತು ಆ ಮಸೂದೆಯನ್ನೇ ಭಾಗಮಾಡಿ 1955 ಮತ್ತು 1956ರಲ್ಲಿ ನಾಲ್ಕು ಕಾಯಿದೆಗಳಾಗಿ ಅಂಗೀಕರಿಸಿತು. ನಾಲ್ಕಕ್ಕೂ ಅವರು ಅಂಕಿತ ಹಾಕಿದರು.

ಅವುಗಳಲ್ಲೊಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅದು ವೀರಶೈವ, ಲಿಂಗಾಯತರಿಗೂ ಅನ್ವಯವೆಂದು ಅದರಲ್ಲೇ ಹೆಸರು ಹೇಳಿದೆ. ಸೊಲ್ಲಾಪುರವಿರಲಿ, ಆದೋನಿಯಿರಲಿ, ತಂದೆ ತೀರಿಕೊಂಡ ಮೇಲೆ ವಿಧವೆ ತಾಯಿಯ ಹಾಗೂ ಮಗಳ ಹೆಸರು ಹೊಲದ ಉತಾರದಲ್ಲಿ ಏರುವುದು ಆ ಕಾಯಿದೆಯ ಬಲದಿಂದ. ಹುಟ್ಟಿನಿಂದಲೇ ಮಗನ ಸಮಾನ ಹಕ್ಕು ಮಗಳಿಗೆ ದೊರೆತದ್ದು 2005ರ ತಿದ್ದುಪಡಿಯಿಂದ.

1960ರಲ್ಲಿ ರಾಷ್ಟ್ರಪತಿಯ ಅಧಿಕಾರದ ಪ್ರಶ್ನೆಯನ್ನು ಅವರು ಮತ್ತೊಮ್ಮೆ ಸಭೆಯೊಂದರಲ್ಲಿ ಬಹಿರಂಗವಾಗಿ ಎತ್ತಿದರು. ಆದರೆ ಮಾತಿನ ಆಚೆ ಹೋಗಲಿಲ್ಲ. 1962ರಲ್ಲಿ ನಿವೃತ್ತರಾಗಿ ಪಾಟ್ನಾದ ಸದಾಕತ್ ಆಶ್ರಮಕ್ಕೆ ಮರಳಿ, 1963ರ ಫೆಬ್ರುವರಿ 28ರಂದು ದೇಹ ಬಿಟ್ಟರು.

ಮನೆತನ ಅವರನ್ನು ಒಂದು ಕಡೆ ಎಳೆಯಿತು. ವಿದ್ಯೆ ವಾದಕ್ಕೆ ದಾರಿ ಕೊಟ್ಟಿತು. ಸಹಿ ಮಾಡಿಸಿದ್ದು ಸ್ವಭಾವ. ಆದುದರಿಂದ ಮತ ಕೇಳಲು ಬಂದವನ ಕುಲವನ್ನೂ ಪದವಿಯನ್ನೂ ವಿಚಾರಿಸಿದರೆ ಸಾಲದು. ನಿಯಮವು ತನ್ನ ಮನಸ್ಸಿಗೆ ವಿರುದ್ಧವಾದಾಗ ಈತ ಹೇಗೆ ನಡೆದುಕೊಂಡಿದ್ದಾನೆ ಎಂಬುದನ್ನೂ ನಾವು ವಿಚಾರಿಸಬೇಕು.