ಟವೆಲ್ಲಿಗೂ ಒಂದು ಪದ ಬೇಕಿತ್ತು

ಪ್ರಾರ್ಥನೆ ಮಾಡೋಕೆ ಬೇಕಾದಷ್ಟು ಪದ ಇವೆ, ಆದ್ರೆ ಮಗುವಿನ ಮುಖ ಒರೆಸೋ ಟವೆಲ್ಲಿಗೆ ಪದ ಇಲ್ಲ. ಅಂಥ ಭಾಷೆಯಲ್ಲೇ ಸಂಸಾರ ನಡೆಸ್ತೀನಿ ಅಂತ ಹಟ ಹಿಡಿದವರು ಎಲಿಯೆಜರ್ ಬೆನ್ ಯೆಹೂದ. ಆ ಭಾಷೆ ಹೀಬ್ರೂ. ನಮ್ಮ ಕ್ಲಬ್‌ನ ಕೆಲವರು ಈ ಸೆಮಿಸ್ಟರ್ ಹೀಬ್ರೂ ಕಲಿಯೋಕೆ ಶುರು ಮಾಡಿದೀವಿ. ಪಾಠದ ಜೊತೆಗೆ ಮತ್ತೆ ಮತ್ತೆ ಎದುರಾದ ಹೆಸರು ಇವರದೇ.

1858ರಲ್ಲಿ ಅವರು ಹುಟ್ಟಿದ್ದು ಅಂದಿನ ರಷ್ಯನ್ ಸಾಮ್ರಾಜ್ಯದ ಲುಝ್ಕಿ ಎಂಬ ಊರಿನಲ್ಲಿ. ಆ ಊರು ಈಗ ಬೆಲಾರುಸ್ ದೇಶದಲ್ಲಿದೆ. ಆಗ ಅವರ ಹೆಸರು ಎಲಿಯೆಜರ್ ಪರ್ಲ್‌ಮನ್, ಮನೆಮಾತು ಯಿಡ್ಡಿಶ್. ಹೀಬ್ರೂ ಕಲಿತದ್ದು ಧರ್ಮಗ್ರಂಥ ಓದೋಕೆ. ಹೀಬ್ರೂ ಯಾರ ತಾಯಿಮಾತೂ ಆಗಿರದೆ ಆಗಲೇ ಸುಮಾರು 1700 ವರ್ಷ ಕಳೆದಿತ್ತು. ಪ್ರಾರ್ಥನೆ, ಧರ್ಮಶಾಸ್ತ್ರ, ಕವಿತೆ, ಪತ್ರ ಎಲ್ಲದರಲ್ಲೂ ಅದು ಉಳಿದಿತ್ತು, ಅಡುಗೆಮನೆಯಲ್ಲಿ ಮಾತ್ರ ಇರಲಿಲ್ಲ.

ಮೆಡಿಸಿನ್ ಓದೋಕೆ ಅಂತ ಪ್ಯಾರಿಸ್‌ಗೆ ಹೋದರು. ಅಲ್ಲಿ ಕ್ಷಯರೋಗ ಹಿಡಿಯಿತು, ಓದು ನಿಂತಿತು. 1879ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಯಹೂದಿಗಳು ತಮ್ಮ ಹಳೆಯ ನಾಡಿನಲ್ಲಿ ಒಂದು ರಾಷ್ಟ್ರವಾಗಿ ಬಾಳಬೇಕು ಎಂದು ವಾದಿಸಿದರು. 1881ರಲ್ಲಿ ಹೆಂಡತಿ ದೆವೋರಾ ಜೊತೆ ಜೆರುಸಲೇಮ್‌ಗೆ ಬಂದು ನೆಲೆಸಿದರು. ಆಗ ಅಲ್ಲಿ ಆಟೊಮನ್ ಆಡಳಿತ. ಸುತ್ತಲಿನ ಹೆಚ್ಚಿನ ಜನರ ಮಾತು ಅರೇಬಿಕ್. ಯಹೂದಿಗಳಲ್ಲೇ ಕೆಲವರದ್ದು ಯಿಡ್ಡಿಶ್, ಕೆಲವರದ್ದು ಲಾದಿನೋ, ಇನ್ನು ಕೆಲವರದ್ದು ಅರೇಬಿಕ್. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗದಿದ್ದಾಗ ಮಾರುಕಟ್ಟೆಯಲ್ಲಿ ಹರಕುಮುರುಕು ಹೀಬ್ರೂ ಬಳಸೋರು. ಅಂದ್ರೆ ಬೆನ್ ಯೆಹೂದ ಪೂರ್ತಿ ಸೊನ್ನೆಯಿಂದ ಶುರು ಮಾಡಲಿಲ್ಲ.

ಅವರು ಶುರು ಮಾಡಿದ್ದು ಸ್ವಂತ ಮನೆಯಿಂದ. 1882ರಲ್ಲಿ ಮೊದಲ ಮಗ ಹುಟ್ಟಿದ. ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಆಡಬಾರದು ಅಂತ ನಿಯಮ ಆಯ್ತು. ಮಗುವಿನ ಕಿವಿಗೆ ಬೇರೆ ಭಾಷೆ ಬೀಳಬಾರದು ಅಂತ ಅದನ್ನು ಹೊರಗಿನವರಿಂದ ದೂರ ಇಟ್ಟರು. ಆಟಕ್ಕೆ ಗೆಳೆಯರಿಲ್ಲ. ವರ್ಷಗಳು ಕಳೆದರೂ ಮಗುವಿಗೆ ಮಾತೇ ಬರಲಿಲ್ಲ. ಒಮ್ಮೆ ಅಮ್ಮ ರಷ್ಯನ್ ಜೋಗುಳ ಹಾಡ್ತಿದ್ದಾಗ ಅಪ್ಪ ರೇಗಾಡಿದ್ದನ್ನು ಆ ಮಗನೇ ಮುಂದೆ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇತಮಾರ್ ಬೆನ್ ಅವಿ ಎಂಬ ಹೆಸರಿನಲ್ಲಿ ಪತ್ರಕರ್ತನಾದ ಅವನನ್ನು ಆಧುನಿಕ ಕಾಲದ ಮೊದಲ ಹೀಬ್ರೂ ಮಗು ಅಂತಾರೆ. ಆ ಬಿರುದಿಗೆ ಬೆಲೆ ಕೊಟ್ಟದ್ದು ಆ ಮಗು ಮತ್ತು ದೆವೋರಾ. ಇದನ್ನು ಬಿಟ್ಟು ಬೆನ್ ಯೆಹೂದರ ಕಥೆ ಹೇಳಿದ್ರೆ ಅದು ಬರೀ ಜೈಕಾರ ಆಗುತ್ತೆ.

ಮನೆ ನಡೆಯಬೇಕಂದ್ರೆ ಪದ ಬೇಕು. ಇಲ್ಲಿ ಹೀಬ್ರೂ ವ್ಯಾಕರಣವೇ ಅವರ ಕೈಗೆ ಸಿಕ್ಕ ಟೂಲ್. ಈ ಭಾಷೆಯಲ್ಲಿ ಹೆಚ್ಚಿನ ಪದಗಳಿಗೆ ಮೂರು ವ್ಯಂಜನಗಳ ಬೇರು ಇರುತ್ತೆ, ಅದನ್ನು ಬೇರೆ ಬೇರೆ ಅಚ್ಚಿಗೆ ಹಾಕಿದ್ರೆ ಬೇರೆ ಬೇರೆ ಪದ. ಕ-ತ-ವ ತಗೊಳ್ಳಿ: ಕತಾವ್ ಅಂದ್ರೆ ಬರೆದನು, ಮಿಖ್ತಾವ್ ಅಂದ್ರೆ ಪತ್ರ, ಕ್ತೋವೆತ್ ಅಂದ್ರೆ ವಿಳಾಸ. ಉಚ್ಚಾರ ಒಂಚೂರು ಬದಲಾದರೂ ಬೇರು ಅದೇ. ಒಣಗಿಸು ಎಂಬ ಅರ್ಥದ ಬೇರಿನಿಂದ ಬೆನ್ ಯೆಹೂದ ಮಗೆವೆತ್ ಮಾಡಿದರು, ಅದೇ ಟವೆಲ್. ಕಾಲ ಎಂಬರ್ಥದ ಎತ್‌ನಿಂದ ಇತೋನ್, ಅಂದ್ರೆ ಸುದ್ದಿಪತ್ರಿಕೆ. ಪದ ಎಂಬರ್ಥದ ಮಿಲಾದಿಂದ ಮಿಲೋನ್, ಅಂದ್ರೆ ನಿಘಂಟು. ಎಲ್ಲವೂ ಗೆಲ್ಲಲಿಲ್ಲ. ಟೊಮೆಟೊಗೆ ಅವರು ಬಾದೋರಾ ಅಂದರು, ಜನ ಕೇಳಲಿಲ್ಲ, ಅಗ್ವಾನಿಯಾ ಅಂತಲೇ ಕರೆದರು. ಇವತ್ತಿಗೂ ಅದೇ.

ಹೊರಗೆ ವಿರೋಧ ಜೋರಾಗಿತ್ತು. ದೇವರ ಭಾಷೆಯನ್ನು ಬೀದಿಗೆ ತಂದರು ಅಂತ ಸಂಪ್ರದಾಯಸ್ಥರು ಬಹಿಷ್ಕಾರ ಹಾಕಿದರು. 1891ರಲ್ಲಿ ದೆವೋರಾ ಕ್ಷಯದಿಂದ ತೀರಿಕೊಂಡರು. ಅದಾಗಿ ಸ್ವಲ್ಪದರಲ್ಲೇ ಡಿಫ್ತೀರಿಯಾಗೆ ಮೂರು ಮಕ್ಕಳು ಹೋದರು. ದೆವೋರಾಳ ತಂಗಿ ಹೆಮ್ದಾ ಅವರನ್ನು ಮದುವೆಯಾದರು. 1893ರ ಕೊನೆಯಲ್ಲಿ ಅವರ ಪತ್ರಿಕೆಯ ಒಂದು ಲೇಖನವನ್ನು ದಂಗೆಯ ಕರೆ ಅಂತ ಅರ್ಥ ಮಾಡಿಕೊಂಡ ಆಟೊಮನ್ ಸರ್ಕಾರ ಅವರನ್ನು ಜೈಲಿಗೂ ಹಾಕಿತು.

ನಾವು ಇಂಜಿನಿಯರಿಂಗ್‌ನವರು ತಿಳಿಯಲೇಬೇಕಾದ ಭಾಗ ಇನ್ನು ಬರುತ್ತೆ. ಹೈಫಾದಲ್ಲಿ ಒಂದು ತಾಂತ್ರಿಕ ಕಾಲೇಜು ಕಟ್ಟುತ್ತಿದ್ದರು, ಇವತ್ತಿನ ಟೆಕ್ನಿಯಾನ್. 1913ರಲ್ಲಿ ಅದರ ಆಡಳಿತ ಮಂಡಳಿ ವಿಜ್ಞಾನ ಮತ್ತು ತಂತ್ರಜ್ಞಾನ ಜರ್ಮನ್‌ನಲ್ಲೇ ಕಲಿಸೋದು ಅಂತ ತೀರ್ಮಾನಿಸಿತು. ಹೀಬ್ರೂನಲ್ಲಿ ತಾಂತ್ರಿಕ ಪದಗಳೂ ಇಲ್ಲ, ಪುಸ್ತಕಗಳೂ ಇಲ್ಲ ಅನ್ನೋದು ಅವರ ವಾದ. ವಾದ ಸುಳ್ಳೇನಲ್ಲ. ಆದ್ರೆ ಶಿಕ್ಷಕರು, ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಬೆನ್ ಯೆಹೂದ ಅವರ ಕಡೆ ನಿಂತರು. 1914ರಲ್ಲಿ ಮಂಡಳಿ ತೀರ್ಮಾನ ಬದಲಿಸಿತು. ಮಹಾಯುದ್ಧದಿಂದ ತಡವಾಗಿ, 1924ರಲ್ಲಿ ಅಲ್ಲಿ ಪಾಠ ಶುರುವಾದಾಗ ಅದು ಹೀಬ್ರೂನಲ್ಲಿ. ಪದ ಇಲ್ಲ ಅನ್ನೋದು ಪಾಠ ಮಾಡದಿರೋಕೆ ಕಾರಣ ಆಗಲಿಲ್ಲ. ಪಾಠ ಮಾಡ್ತಾ ಮಾಡ್ತಾ ಪದಗಳು ಬಂದವು. ಥರ್ಮೋಡೈನಾಮಿಕ್ಸ್ ಕನ್ನಡದಲ್ಲಿ ಆಗೋ ಮಾತಲ್ಲ ಅಂತ ಹಾಸ್ಟೆಲ್‌ನಲ್ಲಿ ಸಲೀಸಾಗಿ ಹೇಳೋ ನಾವೆಲ್ಲ ಇದನ್ನೊಮ್ಮೆ ಯೋಚಿಸಬೇಕು.

ಬೆನ್ ಯೆಹೂದ ಅದನ್ನು ನೋಡಲಿಲ್ಲ. 1922ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಬ್ರಿಟಿಷ್ ಆಡಳಿತದಲ್ಲಿ ಇಂಗ್ಲಿಷ್, ಅರೇಬಿಕ್ ಜೊತೆ ಹೀಬ್ರೂ ಕೂಡ ಅಧಿಕೃತ ಭಾಷೆಯಾಗಿತ್ತು. ಅವರ ದೊಡ್ಡ ನಿಘಂಟನ್ನು ಹೆಮ್ದಾ ಮತ್ತು ಮಗ ಎಹೂದ್ ಮುಂದುವರಿಸಿದರು. 17 ಸಂಪುಟಗಳು ಮುಗಿದದ್ದು 1959ರಲ್ಲಿ.

ಒಬ್ಬ ಮನುಷ್ಯ ಸತ್ತ ಭಾಷೆ ಬದುಕಿಸಿದ ಅನ್ನೋದು ಅರ್ಧ ಸತ್ಯ. ಹಳ್ಳಿ ಶಾಲೆಗಳಲ್ಲಿ ಎಲ್ಲ ಪಾಠವನ್ನೂ ಹೀಬ್ರೂನಲ್ಲೇ ಮಾಡಿದ ಮೇಷ್ಟ್ರುಗಳು, ಅದರಲ್ಲೇ ಜಗಳ ಆಡಿದ ಮಕ್ಕಳು ಇಲ್ಲದಿದ್ರೆ ಆ ನಿಘಂಟು ಕಪಾಟಿನಲ್ಲೇ ಉಳಿಯುತ್ತಿತ್ತು. ಇವತ್ತು ಕಲಿಯೋಕೆ ಕೂತರೆ ಅದು ಗೊತ್ತಾಗುತ್ತೆ. ಅನಿ ಸ್ತುದೆಂತ್ ಅಂದ್ರೆ ನಾನು ವಿದ್ಯಾರ್ಥಿ, ಕನ್ನಡದ ತರಾನೇ ಮಧ್ಯೆ ಆ್ಯಮ್, ಈಸ್ ಏನೂ ಬೇಡ. ಆದ್ರೆ ಹುಡುಗ ಮೆದಬೇರ್, ಹುಡುಗಿ ಮೆದಬೆರೆತ್ ಅನ್ನಬೇಕು, ಹಿಂದಿಯ ಬೋಲ್ತಾ, ಬೋಲ್ತೀ ಇದ್ದ ಹಾಗೆ. ಗೆಳೆಯರು ಸಿಕ್ಕಾಗ ಮಾ ನಿಶ್ಮಾ ಅಂತಾರೆ. ಪದಶಃ ಏನು ಕೇಳಿಬರ್ತಿದೆ ಅಂತ, ನಾವು ಏನ್ ಸಮಾಚಾರ ಅನ್ನೋ ಹಾಗೆ. ಅದು ಯಿಡ್ಡಿಶ್ ಮಾತಿನ ಅಚ್ಚಿನಲ್ಲಿ ಬಂದದ್ದು. ಹೊರಡುವಾಗ ಯಲ್ಲಾ, ಬೈ. ಒಂದು ಅರೇಬಿಕ್, ಇನ್ನೊಂದು ಇಂಗ್ಲಿಷ್. ಬೇರೆ ಭಾಷೆ ಮಗುವಿನ ಕಿವಿಗೆ ಬೀಳದ ಹಾಗೆ ಕಾದ ಮನೆಯ ಭಾಷೆ ಬೀದಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ತನ್ನದು ಮಾಡಿಕೊಂಡಿದೆ.