ಕಲ್ಲಿನ ಬರಹಕ್ಕೆ ಕಾಗದದ ಆಸರೆ: ಶಾಸನ ಪಿತಾಮಹ ಬಿ.ಎಲ್. ರೈಸ್

ಗೌಡಗೆರೆ: ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಕೆರೆ ಏರಿ, ದೇಗುಲದ ಅಂಗಳ, ಹೊಲದ ಬದುಗಳಲ್ಲಿ ನಿಂತಿರುವ ಬರಹದ ಕಲ್ಲುಗಳು ಒಂದು ಕಾಲಕ್ಕೆ ಯಾರೂ ಓದಲಾರದ ಮೂಕ ಬಂಡೆಗಳಾಗಿದ್ದವು. ಅವುಗಳನ್ನು ತಾಲೂಕುವಾರು ಪಟ್ಟಿ ಮಾಡಿಸಿ, ಓದಿಸಿ, ಅಚ್ಚಿಗೆ ಇಳಿಸಿದ ಕೀರ್ತಿ ಬೆಂಜಮಿನ್ ಲೂಯಿಸ್ ರೈಸ್ ಅವರಿಗೆ ಸಲ್ಲುತ್ತದೆ. ನಾಡು ಅವರನ್ನು ಶಾಸನ ಪಿತಾಮಹ ಎಂದೇ ಗೌರವಿಸುತ್ತದೆ.

ರೈಸ್ ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಇಂದಿಗೂ ತಂದೆಯ ಹೆಸರನ್ನು ಹೊತ್ತಿದೆ. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ಮಗ 1860ರಲ್ಲಿ ಹುಟ್ಟೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಐದು ವರ್ಷಗಳ ನಂತರ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಹುದ್ದೆ ದೊರೆಯಿತು. ಶಾಲೆಗಳ ತನಿಖೆಗಾಗಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸುವ ಈ ಕೆಲಸವೇ ಅವರಿಗೆ ಕಲ್ಬರಹಗಳ ಪರಿಚಯ ಮಾಡಿಸಿತು.

ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಆಧರಿಸಿ ರೈಸ್ ಸಿದ್ಧಪಡಿಸಿದ ಅನುವಾದಗಳ ಗ್ರಂಥ 1879ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ ಅವರ ಮೈಸೂರು ಗ್ಯಾಸೆಟಿಯರ್ ಹೊರಬಂದಿತ್ತು. 1885ರಲ್ಲಿ ಮೈಸೂರು ಪುರಾತತ್ವ ಇಲಾಖೆ ಅಸ್ತಿತ್ವಕ್ಕೆ ಬಂದಾಗ ಅದರ ಹೊಣೆಯೂ ಅವರ ಹೆಗಲೇರಿತು.

ಹನ್ನೆರಡು ಸಂಪುಟಗಳ ಸಾಹಸ

ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ಮೊದಲ ಸಂಪುಟ, ಕೊಡಗಿನ ಶಾಸನಗಳು, 1886ರಲ್ಲಿ ಬೆಳಕು ಕಂಡಿತು. ಮುಂದಿನ ಎರಡು ದಶಕಗಳಲ್ಲಿ ಒಟ್ಟು 12 ಸಂಪುಟಗಳು ಹೊರಬಂದವು. ಸುಮಾರು 9 ಸಾವಿರ ಶಾಸನಗಳು ಇವುಗಳಲ್ಲಿ ಅಡಕವಾಗಿವೆ. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಒಂದೇ ಕಡೆ ದೊರೆಯುವುದು ಇವುಗಳ ವೈಶಿಷ್ಟ್ಯ. ರೈಸ್ ತಾಲೂಕುವಾರು ನೀಡಿದ ಕ್ರಮಸಂಖ್ಯೆಯನ್ನೇ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ.

ತುಮಕೂರು ಜಿಲ್ಲೆಗೆ ಮೀಸಲಾದುದು 12ನೇ ಸಂಪುಟ. ನೊಳಂಬರ ಆಳ್ವಿಕೆ, ಪಾವಗಡದ ನಿಡುಗಲ್ಲು ದುರ್ಗದಿಂದ ಆಳಿದ ಚೋಳ ಮನೆತನದ ಇರುಂಗೋಳ, ವಿಜಯನಗರ ಕಾಲದ ದಾನದತ್ತಿ ಮುಂತಾದ ಈ ಬರಸೀಮೆಯ ಚರಿತ್ರೆಗೆ ಅದೇ ಮೊದಲ ಆಧಾರ.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು 1890ರ ದಶಕದ ಆರಂಭದಲ್ಲಿ ಬೆಳಕಿಗೆ ತಂದವರೂ ರೈಸ್. ಮೌರ್ಯರ ಪ್ರಭಾವ ಈ ನೆಲದವರೆಗೂ ಹಬ್ಬಿತ್ತೆಂಬುದು ಇದರಿಂದ ಸ್ಥಿರಪಟ್ಟಿತು. ಪಂಪಭಾರತ, ಪಂಪರಾಮಾಯಣದಂಥ ಹಳಗನ್ನಡ ಕಾವ್ಯಗಳೂ ಅವರ ಆಸ್ಥೆಯಿಂದ ಅಚ್ಚಾದವು.

ಟೀಕೆಗಳೂ ಇಲ್ಲದಿರಲಿಲ್ಲ. ಗಂಗರ ತಾಮ್ರಪಟಗಳ ನೈಜತೆಯ ಕುರಿತು ಮುಂಬಯಿ ಪ್ರಾಂತ್ಯದ ವಿದ್ವಾಂಸ ಜೆ.ಎಫ್. ಫ್ಲೀಟ್ ಜೊತೆ ದೀರ್ಘ ವಾಗ್ವಾದ ನಡೆಯಿತು. ಪಾಠದೋಷಗಳನ್ನು ತಿದ್ದಿ, ಹೊಸ ಶೋಧಗಳನ್ನು ಸೇರಿಸಿದ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತರತೊಡಗಿತು. ಆದರೆ ತಿದ್ದುವುದಕ್ಕೂ ಮೊದಲ ಪಾಠವೊಂದು ಇರಬೇಕಾಗುತ್ತದೆ. ಅದನ್ನು ಒದಗಿಸಿದವರು ರೈಸ್.

ಹಚ್ಚಿದ ದೀಪ

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ತೆರಳಿದರು. ಇಲಾಖೆಯ ಸಾರಥ್ಯ ಆರ್. ನರಸಿಂಹಾಚಾರ್ಯರಿಗೆ ಬಂತು. ಸರ್ಕಾರದ ಹೊರಗೂ ಇತಿಹಾಸದ ಆಸಕ್ತಿ ಸಂಘಟಿತವಾಗತೊಡಗಿತು. 1909ರಲ್ಲಿ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ, 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳಿ ಆರಂಭಗೊಂಡವು. ದೂರದಲ್ಲಿದ್ದರೂ ರೈಸ್ ಲೇಖನಿ ನಿಲ್ಲಲಿಲ್ಲ. ಶಾಸನಗಳ ಆಧಾರದಲ್ಲಿ ಮೈಸೂರು ಮತ್ತು ಕೊಡಗಿನ ಚರಿತ್ರೆ ನಿರೂಪಿಸುವ ಅವರ ಗ್ರಂಥ ಪ್ರಕಟವಾದದ್ದು 1909ರಲ್ಲೇ. 1927ರ ಜುಲೈ 10ರಂದು, 90 ತುಂಬಲು ಒಂದು ವಾರವಿರುವಾಗ, ಅವರು ಹ್ಯಾರೋದಲ್ಲಿ ಕೊನೆಯುಸಿರೆಳೆದರು.

ಅವರು ದಾಖಲಿಸಿದ ಕಲ್ಲುಗಳೆಲ್ಲ ಇಂದು ಉಳಿದಿಲ್ಲ. ರಸ್ತೆ ವಿಸ್ತರಣೆ, ಹೊಸ ಕಟ್ಟಡ, ನಿಧಿಯ ಆಸೆಗೆ ಅನೇಕ ಶಾಸನಗಳು ಬಲಿಯಾಗಿವೆ. ಅಂಥವುಗಳ ಪಾಲಿಗೆ ಮುದ್ರಿತ ಪುಟವೇ ಕೊನೆಯ ನೆಲೆ. ಬೆಂಗಳೂರು ಭಾಗದ ಶಾಸನಗಳನ್ನು ಹುಡುಕಿ ಮೂರು ಆಯಾಮಗಳ ಡಿಜಿಟಲ್ ಪ್ರತಿ ಮಾಡುವ ಕಾರ್ಯವನ್ನು ಮಿಥಿಕ್ ಸೊಸೈಟಿ 2021ರಲ್ಲಿ ಕೈಗೆತ್ತಿಕೊಂಡಿತು. ರಾಜಧಾನಿಗೆ ದೊರೆತ ಈ ಭಾಗ್ಯ ಗೌಡಗೆರೆಯಂಥ ಹೋಬಳಿಗಳಿಗೂ ದೊರೆಯಬೇಕಿದೆ. ಅಲ್ಲಿಯವರೆಗೆ ಕಲ್ಲುಗಳ ಕಾವಲು ಊರಿನವರದೇ. 12ನೇ ಸಂಪುಟವನ್ನು ಕೈಯಲ್ಲಿ ಹಿಡಿದು ತಮ್ಮೂರಿನ ಶಾಸನ ಎಲ್ಲಿದೆ ಎಂದು ಹುಡುಕಿ ಹೊರಡುವುದೇ ರೈಸ್ ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.